‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಅಂತಸ್ತು ಮತ್ತು ಗುಣ: ನಾನು ಓದುವ ಬಗೆ

ಜೇನ್ ಆಸ್ಟಿನ್ ಅವರ ಈ ಕಾದಂಬರಿ (1813) ಓದುವಾಗ ನಾನು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆದುಕೊಳ್ಳುತ್ತೇನೆ: ಪಾತ್ರದ ಹೆಸರು, ವರ್ಷದ ಆದಾಯ, ಆ ದುಡ್ಡು ಬಂದ ದಾರಿ, ತನಗಿಂತ ಕೆಳಗಿನವರ ಜೊತೆ ನಡೆದುಕೊಳ್ಳುವ ರೀತಿ. ಮೊದಲ ಮೂರು ಬೇಗ ತುಂಬುತ್ತವೆ. ನಾಲ್ಕನೆಯದಕ್ಕೆ ಪುಸ್ತಕ ಪೂರ್ತಿ ಬೇಕು.

ನಾಯಕ ಡಾರ್ಸಿಗೆ ವರ್ಷಕ್ಕೆ 10,000 ಪೌಂಡ್, ತಲೆಮಾರುಗಳಿಂದ ಬಂದ ಜಮೀನಿನಿಂದ. ನಾಯಕಿ ಎಲಿಜಬೆತ್‌ಳ ಅಪ್ಪ ಬೆನೆಟ್‌ಗೆ 2,000, ಅದೂ ಜಮೀನಿನದೇ. ಆದರೆ ಗಂಡು ವಾರಸುದಾರರಿಗೆ ಮಾತ್ರ ಹೋಗುವ ಆಸ್ತಿ. ಇರುವ ಐವರೂ ಹೆಣ್ಣುಮಕ್ಕಳಾದ್ದರಿಂದ ಅದು ದಾಯಾದಿ ಕಾಲಿನ್ಸ್‌ಗೆ. ಡಾರ್ಸಿಯ ಗೆಳೆಯ ಬಿಂಗ್ಲಿಗೆ ಅಪ್ಪ ಬಿಟ್ಟುಹೋದದ್ದು ಹತ್ತಿರಹತ್ತಿರ ಒಂದು ಲಕ್ಷ ಪೌಂಡ್, ವ್ಯಾಪಾರದ ಗಳಿಕೆ. ‘ವರ್ಷಕ್ಕೆ ನಾಲ್ಕೋ ಐದೋ ಸಾವಿರ’ ಎಂದು ಮಿಸೆಸ್ ಬೆನೆಟ್ ಅಂದಾಜು ಹೇಳುತ್ತಾಳಲ್ಲ, ಒಂದು ಲಕ್ಷಕ್ಕೆ ಶೇ. 4 ಅಥವಾ 5ರ ಬಡ್ಡಿ ಹಾಕಿ ನೋಡಿ, ಸರಿಹೋಗುತ್ತದೆ.

ಪೌಂಡನ್ನು ಇಂದಿನ ರೂಪಾಯಿಗೆ ತಿರುಗಿಸಲು ಹೋಗಬೇಡಿ. ದೊಡ್ಡ ಅಂಕಿಯೊಂದು ಕೈಗೆ ಸಿಗುತ್ತದೆ, ಅರ್ಥ ಸಿಗುವುದಿಲ್ಲ. ಪಾತ್ರಗಳ ನಡುವಿನ ಅನುಪಾತ ನೋಡಿ. ಮದುವೆಯ ಪ್ರಸ್ತಾಪ ಮಾಡುತ್ತಲೇ ಕಾಲಿನ್ಸ್ ಎಲಿಜಬೆತ್‌ಗೆ ಲೆಕ್ಕ ಒಪ್ಪಿಸುತ್ತಾನೆ: ತಾಯಿ ತೀರಿಕೊಂಡ ಮೇಲೆ ಅವಳ ಪಾಲಿಗೆ ಬರುವುದು ಶೇ. 4ರ ಬಡ್ಡಿಯ 1,000 ಪೌಂಡ್. ಅಂದರೆ ವರ್ಷಕ್ಕೆ 40 ಪೌಂಡ್, ಡಾರ್ಸಿಯ ಆದಾಯದಲ್ಲಿ 250ನೇ ಒಂದು ಪಾಲು. ಇದನ್ನು ಬರೆದಿಟ್ಟುಕೊಂಡು ಮಿಸೆಸ್ ಬೆನೆಟ್‌ಳ ಕಿರಿಕಿರಿಯನ್ನು ಮತ್ತೆ ಓದಬೇಕು. ಅವಳ ಮಾತು ಪೆದ್ದು, ಭಯ ಮಾತ್ರ ನ್ಯಾಯವಾದದ್ದು. ನಗಿಸುವ ಬೆನೆಟ್ ಒಂದು ಕಾಸೂ ಉಳಿಸಿಟ್ಟವನಲ್ಲ.

ಓದು ದಾರಿ ತಪ್ಪುವುದು ಎಲ್ಲರನ್ನೂ ಬಡವ–ಶ್ರೀಮಂತ ಎಂದು ಎರಡೇ ಸಾಲಿನಲ್ಲಿ ನಿಲ್ಲಿಸಿದಾಗ. ನಾಲ್ಕನೇ ಅಧ್ಯಾಯದಲ್ಲಿ ಬಿಂಗ್ಲಿಯ ಸೋದರಿಯರ ಬಗ್ಗೆ ಬರುವ ವಾಕ್ಯ ಗಮನಿಸಿ: ಉತ್ತರ ಇಂಗ್ಲೆಂಡಿನ ಗೌರವಸ್ಥ ಮನೆತನ ತಮ್ಮದೆಂಬುದು ಅವರಿಗೆ ಚೆನ್ನಾಗಿ ನೆನಪಿದೆ, ಸೋದರನ ದುಡ್ಡೂ ತಮ್ಮ ದುಡ್ಡೂ ವ್ಯಾಪಾರದಿಂದ ಬಂತೆಂಬುದು ಅಷ್ಟಾಗಿ ನೆನಪಿಲ್ಲ. ತಲಾ 20,000 ಪೌಂಡ್ ಇರುವವರು ಸೋದರಮಾವ ಲಂಡನ್ನಿನ ವ್ಯಾಪಾರಿ ಎಂದು ಬೆನೆಟ್ ಹುಡುಗಿಯರನ್ನು ಆಡಿಕೊಳ್ಳುತ್ತಾರೆ. ಮೂರನೇ ಕಾಲಂ ಇಲ್ಲದಿದ್ದರೆ ಈ ಕುಟುಕು ಕೈತಪ್ಪುತ್ತದೆ.

ಹೆಸರು ಕರೆಯುವ ಕ್ರಮವನ್ನೂ ಗುರುತು ಹಾಕಿಕೊಳ್ಳಿ. ಡಾರ್ಸಿಯ ತಾಯಿಯ ಸೋದರಿ ಲೇಡಿ ಕ್ಯಾಥರೀನ್ ಅರ್ಲ್ ಎಂಬ ಮೇಲ್ಮಟ್ಟದ ಬಿರುದಿನವನೊಬ್ಬನ ಮಗಳು, ಆದ್ದರಿಂದ ಬಿರುದಿನ ಜೊತೆ ಅವಳದೇ ಹೆಸರು. ನೈಟ್ ಎಂಬ ಗೌರವ ಪದವಿ ಸಿಕ್ಕಮೇಲೆ ವ್ಯಾಪಾರ ಬಿಟ್ಟ ನೆರೆಯ ಲೂಕಸ್‌ನ ಹೆಂಡತಿ, ಗಂಡನ ಮನೆತನದ ಹೆಸರಿನಲ್ಲಿ, ಬರೀ ಲೇಡಿ ಲೂಕಸ್. 51ನೇ ಅಧ್ಯಾಯದಲ್ಲಿ, ಓಡಿಹೋಗಿ ಮದುವೆಯಾಗಿ ಬಂದ ಕಿರಿಯವಳು ಲಿಡಿಯಾ ಊಟದ ಕೋಣೆಗೆ ಹೋಗುವಾಗ ತಾಯಿಯ ಬಲಕ್ಕೆ ಬಂದು, ನಿನ್ನ ಜಾಗ ಇನ್ನು ನನ್ನದು, ನೀನು ಕೆಳಗೆ ಹೋಗು, ನಾನೀಗ ಮದುವೆಯಾದವಳು ಎಂದು ಹಿರಿಯಕ್ಕ ಜೇನ್‌ಗೆ ಹೇಳುತ್ತಾಳೆ. ನಿಯಮ ಅವಳ ಕಡೆಗಿದೆ, ನಾಚಿಕೆ ಇಲ್ಲ. ಅಂತಸ್ತೂ ಗುಣವೂ ಇಷ್ಟು ಚೊಕ್ಕವಾಗಿ ಒಂದೇ ಕಡೆ ಬೇರೆಯಾಗುವ ಜಾಗ ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ.

ನಾಲ್ಕನೇ ಕಾಲಂ ಎರಡನೆಯದರ ತಿರುಗುಮುರುಗು ಅಂದುಕೊಳ್ಳಬೇಡಿ. ಲಿಡಿಯಾಳ ಗಂಡ ವಿಕ್‌ಹ್ಯಾಮ್ ಡಾರ್ಸಿಯ ಎಸ್ಟೇಟ್ ಪೆಂಬರ್ಲಿಯ ಮೇಲ್ವಿಚಾರಕನ ಮಗ, ಎಲ್ಲರಿಗೂ ಸಿಹಿ ಮಾತು. ಪಾದ್ರಿ ಹುದ್ದೆಯ ಬದಲು ಡಾರ್ಸಿಯಿಂದ 3,000 ಪೌಂಡ್ ಎಣಿಸಿಕೊಂಡು, ಆಮೇಲೆ ಆ ಹುದ್ದೆಯನ್ನೂ ಕೇಳಿದವನು. ಬೆನೆಟ್ ಹುಡುಗಿಯರ ಸೋದರಮಾವ ಗಾರ್ಡಿನರ್‌ನ ಮನೆ ತನ್ನದೇ ಗೋದಾಮುಗಳು ಕಾಣುವಷ್ಟು ಹತ್ತಿರ, ಆದರೂ ಅವನ ನಡೆನುಡಿಯಲ್ಲಿ ಕೊಂಕಿಲ್ಲ. ಪೆಂಬರ್ಲಿಯಲ್ಲಿ ಡಾರ್ಸಿ ಅವನನ್ನು ಮೀನು ಹಿಡಿಯಲು ಕರೆದು, ಗಾಳದ ಸಾಮಾನು ಕೊಡುತ್ತೇನೆ ಎನ್ನುತ್ತಾನೆ. ಡಾರ್ಸಿ ಬದಲಾದದ್ದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಅದು. ಅವನ ಪ್ರೇಮದ ಮಾತುಗಳಿಗಿಂತ ನಾನು ಅದನ್ನೇ ಹೆಚ್ಚು ನಂಬುತ್ತೇನೆ.

ಕೊನೆಗೆ 34, 35, 56ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ನಾನು ಸದ್ಗೃಹಸ್ಥನ ಮಗಳು, ಆ ಮಟ್ಟಿಗೆ ಡಾರ್ಸಿಗೆ ಸಮ ಎಂದು ಎಲಿಜಬೆತ್ ವಾದಿಸಿದಾಗ ಲೇಡಿ ಕ್ಯಾಥರೀನ್ ಅವಳ ತಾಯಿ, ಮಾವ, ಅತ್ತೆಯರು ಯಾರೆಂದು ಕೇಳುತ್ತಾಳೆ. ಮೊದಲ ಪ್ರಸ್ತಾಪದಲ್ಲಿ ಡಾರ್ಸಿ ಎತ್ತಿದ್ದೂ ಅದೇ ಆಕ್ಷೇಪ. ಅದಾದ ಮೇಲೆ ಎಲಿಜಬೆತ್‌ಗೆ ಬರೆದ ಪತ್ರದಲ್ಲಿ ಅವನು, ಸಂಬಂಧಿಕರ ಸ್ಥಿತಿಗಿಂತ ನಿಮ್ಮ ಮನೆಯವರ ಸಭ್ಯತೆಯ ಕೊರತೆಯೇ ದೊಡ್ಡದು ಎನ್ನುತ್ತಾನೆ. ಹಾಗಾದರೆ ಅವನ ಮನೆಯವರು? 31ನೇ ಅಧ್ಯಾಯಕ್ಕೆ ಹಿಂತಿರುಗಿ. ಎಲಿಜಬೆತ್ ಪಿಯಾನೊ ಅಭ್ಯಾಸ ಮಾಡಬೇಕಿದ್ದರೆ ತನ್ನ ಮಗಳ ಜೊತೆಗಾತಿ ಮಿಸೆಸ್ ಜೆಂಕಿನ್ಸನ್‌ಳ ಕೋಣೆಯಲ್ಲಿ ಮಾಡಲಿ, ಮನೆಯ ಆ ಭಾಗದಲ್ಲಿ ಯಾರಿಗೂ ಅಡ್ಡಿಯಾಗದು ಎಂದು ಲೇಡಿ ಕ್ಯಾಥರೀನ್ ಉದಾರವಾಗಿ ಹೇಳಿದಾಗ, ಚಿಕ್ಕಮ್ಮನ ಒರಟುತನಕ್ಕೆ ಡಾರ್ಸಿ ಕೊಂಚ ನಾಚಿಕೊಳ್ಳುತ್ತಾನೆ.