ಹಳೆಯ ಬೀದಿ, ಹೊಸ ಈಜುಕೊಳ: ಇಂಗ್ಲೆಂಡಿನ ಕನ್ಸರ್ವೇಶನ್ ಏರಿಯಾದಲ್ಲಿ ಅನುಮತಿ ಪಡೆಯುವುದು ಹೇಗೆ?

ಇಂಗ್ಲೆಂಡಿನ ಹಳೆಯ ಊರುಗಳಲ್ಲಿ ಮನೆ ಕೊಂಡ ಕನ್ನಡಿಗರು ಈಗ ಅಪರೂಪವೇನಲ್ಲ. ಕೆಂಪಿಟ್ಟಿಗೆಯ ವಿಕ್ಟೋರಿಯನ್ ಮನೆ, ಹಿಂದೆ ಉದ್ದನೆಯ ಹಿತ್ತಲು, ಬೇಲಿಯಂಚಿನಲ್ಲಿ ಒಂದೆರಡು ದೊಡ್ಡ ಮರ. ಒಂದು ಬೇಸಿಗೆ ಬಿಸಿಲು ಜೋರಾದರೆ ಸಾಕು, ಹಿತ್ತಲಲ್ಲೊಂದು ಈಜುಕೊಳ ಇದ್ದಿದ್ದರೆ ಎಂಬ ಮಾತು ಮನೆಯಲ್ಲಿ ಏಳುತ್ತದೆ. ದುಡ್ಡು ಹೊಂದಿಸಿಕೊಳ್ಳುವ ಹೊತ್ತಿಗೆ ಯಾರಾದರೂ ಬಂದು ‘ನಿಮ್ಮದು ಕನ್ಸರ್ವೇಶನ್ ಏರಿಯಾ (ಹಳೆಯ ಚಹರೆ ಉಳಿಸಲೆಂದು ಘೋಷಿಸಿದ ಪ್ರದೇಶ), ಅಲ್ಲಿ ಒಂದು ಗುದ್ದಲಿ ಮಣ್ಣನ್ನೂ ಎತ್ತುವ ಹಾಗಿಲ್ಲ’ ಎಂದು ಹೆದರಿಸುತ್ತಾರೆ.

ಹಾಗೇನಿಲ್ಲ. ಅಲ್ಲಿನ ಎಷ್ಟೋ ಮನೆಗಳ ಹಿಂದೆ ಈಜುಕೊಳ ತೋಡಲು ಪ್ಲ್ಯಾನಿಂಗ್ ಪರ್ಮಿಷನ್, ಅಂದರೆ ನಿರ್ಮಾಣಕ್ಕೆ ಸ್ಥಳೀಯ ಕೌನ್ಸಿಲ್ ಕೊಡುವ ಅನುಮತಿ, ಬೇಕಾಗುವುದೇ ಇಲ್ಲ. ತೊಡಕು ಬರುವುದು ಕೊಳದ ಸುತ್ತಮುತ್ತಲಿನ ಸಂಗತಿಗಳಿಂದ: ಅದನ್ನು ಎಲ್ಲಿ ತೋಡುತ್ತೀರಿ, ಪಕ್ಕದಲ್ಲಿ ಯಾವ ಮರವಿದೆ, ಅಗೆಯುವ ಯಂತ್ರ ಒಳಗೆ ಬರಲು ಯಾವ ಗೋಡೆ ಕೆಡವುತ್ತೀರಿ. ಆದ್ದರಿಂದ ಅರ್ಜಿ ಬರೆಯುವ ಮೊದಲು ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಬಿಡಿಸಿಕೊಳ್ಳಿ. ಇಲ್ಲಿ ಹೇಳುತ್ತಿರುವುದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳ ಕಾನೂನು ಬೇರೆ.

ಮೊದಲು ಮನೆಯ ಜಾತಕ

ಕನ್ಸರ್ವೇಶನ್ ಏರಿಯಾ ಎಂಬ ಏರ್ಪಾಡು ಬಂದದ್ದು 1967ರ ಕಾಯ್ದೆಯಿಂದ. ಲಿಂಕನ್‌ಶೈರಿನ ಸ್ಟ್ಯಾಮ್‌ಫರ್ಡ್ ಊರು ಅದೇ ವರ್ಷ ಮೊದಲನೆಯದಾಗಿ ಘೋಷಣೆಯಾಯಿತು. ಈಗ ಇಂಗ್ಲೆಂಡಿನಲ್ಲಿ ಅಂಥವು ಸುಮಾರು 10,000 ಇವೆ. ನಮ್ಮಲ್ಲಿ ಶ್ರೀರಂಗಪಟ್ಟಣದಲ್ಲೋ ಬಾದಾಮಿಯಲ್ಲೋ ಕೇಂದ್ರದ ಸಂರಕ್ಷಿತ ಸ್ಮಾರಕದ ಬಳಿ ಮನೆ ಕಟ್ಟುವವರಿಗೆ 100 ಮೀಟರ್, ಅದರಾಚೆಗೆ ಇನ್ನೂ 200 ಮೀಟರ್ ಎಂಬ ಅಳತೆಯ ಗೆರೆ ಗೊತ್ತು. ಇಂಗ್ಲೆಂಡಿನ ಕನ್ಸರ್ವೇಶನ್ ಏರಿಯಾಗೆ ಹಾಗೆ ಒಂದು ಸ್ಮಾರಕ ನಡುವೆ ಇರಲೇಬೇಕೆಂದಿಲ್ಲ. ಬೀದಿಯ ಒಟ್ಟಾರೆ ಚಹರೆಯೇ ರಕ್ಷಣೆಗೆ ಪಾತ್ರ: ಮನೆಗಳ ಸಾಲು, ಕಾಂಪೌಂಡು ಗೋಡೆ, ಮರ, ನಡುವಿನ ಖಾಲಿ ಜಾಗ. ಗಡಿ ಎಲ್ಲಿ ಹಾದುಹೋಗುತ್ತದೆ ಎಂಬುದು ಸ್ಥಳೀಯ ಕೌನ್ಸಿಲ್‌ನ ವೆಬ್‌ಸೈಟಿನ ನಕ್ಷೆಯಲ್ಲಿ ಸಿಗುತ್ತದೆ.

ಅದೇ ಕುಳಿತಲ್ಲಿ ಇನ್ನೂ ಕೆಲವನ್ನು ನೋಡಿಬಿಡಿ. ನಿಮ್ಮ ಮನೆ ‘ಲಿಸ್ಟೆಡ್’ ಕಟ್ಟಡವೇ, ಅಂದರೆ ಪಾರಂಪರಿಕ ಕಟ್ಟಡಗಳ ಅಧಿಕೃತ ಪಟ್ಟಿಯಲ್ಲಿದೆಯೇ? ಹೌದಾದರೆ ಅದರ ಆವರಣದಲ್ಲಿ ಅನುಮತಿಯಿಲ್ಲದೆ ಈಜುಕೊಳ ಮಾಡುವ ದಾರಿ ಮುಚ್ಚಿತು, ನೇರವಾಗಿ ಅರ್ಜಿಯ ಭಾಗಕ್ಕೆ ಹೋಗಿ. ಫ್ಲ್ಯಾಟ್‌ಗಳಿಗೂ ಈ ಸೌಲಭ್ಯವಿಲ್ಲ. ಕೌನ್ಸಿಲ್ ‘ಆರ್ಟಿಕಲ್ 4’ ಆದೇಶ ಹೊರಡಿಸಿ ಅನುಮತಿಯಿಲ್ಲದೆ ಕೆಲಸ ಮಾಡಿಸುವ ನಿಮ್ಮ ಬೀದಿಯ ಕೆಲವು ಹಕ್ಕುಗಳನ್ನು ಹಿಂಪಡೆದಿರಬಹುದು. ಮನೆ ಈಚಿನದಾದರೆ ಅದನ್ನು ಕಟ್ಟುವಾಗ ಕೊಟ್ಟ ಅನುಮತಿಯಲ್ಲೇ ಅಂಥ ಷರತ್ತು ಅಡಗಿ ಕುಳಿತಿರಬಹುದು. ಹಳೆಯ ಅನುಮತಿ ಪತ್ರಗಳನ್ನು ಕೊನೆಯ ಪುಟದವರೆಗೂ ಓದುವವರು ಕಡಿಮೆ, ಪೇಚಾಟ ಶುರುವಾಗುವುದೂ ಅಲ್ಲಿಂದಲೇ.

ಟೇಪು ಹಿಡಿದು ಹಿತ್ತಲಿಗೆ

ಇಂಗ್ಲೆಂಡಿನಲ್ಲಿ ‘ಪರ್ಮಿಟೆಡ್ ಡೆವಲಪ್‌ಮೆಂಟ್’ ಎಂಬುದೊಂದಿದೆ. ಸಂಸತ್ತು ಮೊದಲೇ ಒಪ್ಪಿಗೆ ಕೊಟ್ಟಿಟ್ಟ ಸಣ್ಣಪುಟ್ಟ ಕೆಲಸಗಳ ಪಟ್ಟಿ ಅದು. ಆ ಪಟ್ಟಿಯಿರುವ 2015ರ ಆದೇಶದ ‘ಕ್ಲಾಸ್ ಇ’ ವಿಭಾಗದಲ್ಲಿ ಹಿತ್ತಲಿನ ಶೆಡ್ಡಿನ ಜೊತೆ ಈಜುಕೊಳದ ಹೆಸರೂ ಸ್ಪಷ್ಟವಾಗಿ ಇದೆ. ಕೊಳ ಮನೆಯ ಮುಂಭಾಗದಲ್ಲಿ ಇರಬಾರದು. ಮೂಲ ಮನೆಯನ್ನು ಬಿಟ್ಟು ಉಳಿದ ಆವರಣದ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಕಟ್ಟಡಗಳೂ ಕೊಳವೂ ಸೇರಿ ಆಕ್ರಮಿಸಬಾರದು. ಈ ಲೆಕ್ಕಕ್ಕೆ ಈಗಿರುವ ಶೆಡ್, ಹಿಂದಿನವರು ಹಾಕಿಸಿದ ವಿಸ್ತರಣೆ ಎಲ್ಲವೂ ಸೇರುತ್ತವೆ. ಕೊಳದ ಸುತ್ತಲಿನ ಕಟ್ಟೆ ನೆಲಮಟ್ಟದಿಂದ 30 ಸೆಂಟಿಮೀಟರ್‌ಗಿಂತ ಎತ್ತರಕ್ಕೆ ಏಳಬಾರದು.

ಇವು ಎಲ್ಲ ಕಡೆಗೂ ಅನ್ವಯಿಸುವ ನಿಯಮಗಳು. ಕನ್ಸರ್ವೇಶನ್ ಏರಿಯಾದ ಕಟ್ಟುಪಾಡು ಒಂದೇ ಒಂದು: ಮನೆಯ ಪಕ್ಕದ ಗೋಡೆ ಮತ್ತು ಆವರಣದ ಗಡಿ ಇವೆರಡರ ನಡುವಿನ ಪಟ್ಟಿಯಲ್ಲಿ ಕೊಳ ಬರಬಾರದು. ಕೇಳಲು ಸುಲಭ. ಆದರೆ ವಿಕ್ಟೋರಿಯನ್ ಮನೆಗಳ ಹಿಂಭಾಗ ಸಾಮಾನ್ಯವಾಗಿ ‘ಎಲ್’ ಆಕಾರದಲ್ಲಿ ಹಿಂದಕ್ಕೆ ಚಾಚಿರುತ್ತದೆ. ಅಡುಗೆಮನೆ ಇರುವುದು ಆ ಚಾಚಿನಲ್ಲೇ. ಅದರ ಪಕ್ಕದ ಗೋಡೆಯೂ ಲೆಕ್ಕಕ್ಕೆ ಬರಬಹುದು. ನಕ್ಷೆಯಲ್ಲಿ ಮನೆಯ ತೀರಾ ಹಿಂದಿನ ಗೋಡೆಗೆ ಅಡ್ಡಗೆರೆ ಎಳೆದು, ಕೊಳ ಪೂರ್ತಿಯಾಗಿ ಅದರ ಹಿಂದಕ್ಕೆ ಬೀಳುವಂತೆ ನೋಡಿಕೊಂಡರೆ ವಾದಕ್ಕೆ ಆಸ್ಪದವಿರುವುದಿಲ್ಲ. ಮೂಲೆ ಮನೆಯವರಿಗೆ ಪಕ್ಕದ ಜಾಗವೇ ವಿಶಾಲವಾಗಿರುವುದರಿಂದ ಈ ನಿಯಮ ಚುಚ್ಚುತ್ತದೆ.

ಬಾತ್ ನಗರದಂತೆ ವಿಶ್ವ ಪರಂಪರೆಯ ತಾಣದೊಳಗೆ ಮನೆಯಿದ್ದರೆ ಇನ್ನೊಂದು ಬಿಗಿ ಇದೆ. ಮನೆಯ ಗೋಡೆಯಿಂದ 20 ಮೀಟರ್ ಆಚೆಗೆ ಇರುವ ಶೆಡ್, ಕೊಳ ಇತ್ಯಾದಿಗಳೆಲ್ಲ ಸೇರಿ 10 ಚದರ ಮೀಟರ್ ಮೀರುವಂತಿಲ್ಲ. ರೋಮನ್ನರು ಬಿಸಿನೀರಿನ ಕೊಳ ಕಟ್ಟಿ ಹೆಸರಾದ ಊರಿನಲ್ಲೇ ಹಿತ್ತಲಿನ ಕೊಳಕ್ಕೆ ಇಷ್ಟು ಕಟ್ಟುನಿಟ್ಟು!

ಅನುಮತಿ ಬೇಡವೆಂದರೂ ಕಾಗದ ಬೇಕು

ಎಲ್ಲ ಅಳತೆಯೂ ಹೊಂದಿಕೊಂಡರೆ ಕಾನೂನಿನ ಪ್ರಕಾರ ನೀವು ಯಾರನ್ನೂ ಕೇಳಬೇಕಿಲ್ಲ. ಆದರೂ ‘ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್’, ಅಂದರೆ ಕೆಲಸ ಕಾನೂನುಬದ್ಧ ಎಂದು ಕೌನ್ಸಿಲ್ ಕೊಡುವ ಪ್ರಮಾಣಪತ್ರ, ಮಾಡಿಸಿಕೊಳ್ಳಿ ಎಂಬುದೇ ನನ್ನ ಸಲಹೆ. ಕೆಲಸ ಶುರುವಾಗುವ ಮೊದಲು ಕೇಳಿದರೆ ಇದರ ಶುಲ್ಕ ಪೂರ್ಣ ಅರ್ಜಿಯ ಅರ್ಧ. ಇಲ್ಲಿ ಕೊಳ ಚೆಂದವೋ ಅಲ್ಲವೋ, ನೆರೆಯವರಿಗೆ ಇಷ್ಟವೋ ಅಲ್ಲವೋ ಎಂಬುದು ಪರಿಗಣನೆಗೇ ಬರುವುದಿಲ್ಲ. ನಿಯಮಕ್ಕೆ ಹೊಂದುತ್ತದೆಯೇ ಎಂಬುದೊಂದೇ ಪ್ರಶ್ನೆ. ಮುಂದೆ ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ (ವಕೀಲ) ಮೊದಲು ಕೇಳುವ ಕಾಗದಗಳಲ್ಲಿ ಇದೂ ಒಂದು. ಅನುಮತಿಯಿಲ್ಲದ ನಿರ್ಮಾಣದ ಮೇಲೆ ಕ್ರಮ ಜರುಗಿಸಲು ಕೌನ್ಸಿಲ್‌ಗೆ ಮೊದಲು 4 ವರ್ಷ ಗಡುವಿತ್ತು. 2024ರ ಏಪ್ರಿಲ್‌ನಿಂದ ಅದು 10 ವರ್ಷ. ‘ಯಾರು ನೋಡುತ್ತಾರೆ ಬಿಡಿ’ ಎಂಬ ಧೈರ್ಯ ಈಗ ದುಬಾರಿ.

ಈ ಸೌಲಭ್ಯ ಮನೆಯವರ ಸ್ವಂತ ಬಳಕೆಯ ಕೊಳಕ್ಕೆ ಮಾತ್ರ. ಗಂಟೆಗಿಷ್ಟು ಎಂದು ಹೊರಗಿನವರಿಗೆ ಬಾಡಿಗೆಗೆ ಬಿಡುವ ಯೋಚನೆಯಿದ್ದರೆ ಅದಕ್ಕೆ ಬೇರೆಯೇ ಅನುಮತಿ ಬೇಕಾಗಬಹುದು.

ಮರವೇ ಮುಖ್ಯ

ಕೊಳಕ್ಕೆ ಅನುಮತಿ ಬೇಡವಾದರೂ ಮರ ಮುಟ್ಟುವ ಮೊದಲು ಕೌನ್ಸಿಲ್‌ಗೆ ತಿಳಿಸಬೇಕು ಎಂಬುದು ಹಲವರಿಗೆ ಹೊಳೆಯುವುದೇ ಇಲ್ಲ. ಕನ್ಸರ್ವೇಶನ್ ಏರಿಯಾದಲ್ಲಿ ಕಾಂಡದ ಅಡ್ಡಗಲ 75 ಮಿಲಿಮೀಟರ್ ಮೀರಿದ ಮರವನ್ನು ಕಡಿಯುವ, ಕೊಂಬೆ ಸವರುವ ಮೊದಲು ಕೌನ್ಸಿಲ್‌ಗೆ 6 ವಾರಗಳ ನೋಟಿಸ್ ಕೊಡಬೇಕು. ಬೇರು ಕತ್ತರಿಸುವುದೂ ಇದರಲ್ಲಿ ಸೇರುತ್ತದೆ. ಅಳೆಯುವುದು ನೆಲದಿಂದ 1.5 ಮೀಟರ್ ಎತ್ತರದಲ್ಲಿ, ಅಂದರೆ ಹೆಚ್ಚುಕಡಿಮೆ ಎದೆಮಟ್ಟದಲ್ಲಿ. ದರ್ಜಿಯ ಟೇಪನ್ನು ಕಾಂಡಕ್ಕೆ ಸುತ್ತಿ, ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಅಡ್ಡಗಲ ಸಿಗುತ್ತದೆ. ಸುತ್ತಳತೆ 24 ಸೆಂಟಿಮೀಟರ್ ದಾಟಿತೆಂದರೆ ಮರ ಕಾನೂನಿನ ಕೈಗೆ ಬಂತು ಎಂದೇ ತಿಳಿಯಿರಿ. ನೋಟಿಸ್‌ಗೆ ಶುಲ್ಕವಿಲ್ಲ. ಆ 6 ವಾರಗಳಲ್ಲಿ ಕೌನ್ಸಿಲ್ ಸುಮ್ಮನಿರಬಹುದು, ಇಲ್ಲವೇ ಆ ಮರಕ್ಕೇ ರಕ್ಷಣಾ ಆದೇಶ ಹೊರಡಿಸಬಹುದು. ನೋಟಿಸ್ ಕೊಡದೆ ಮರ ಉರುಳಿಸಿದವರು ಕ್ರಿಮಿನಲ್ ನ್ಯಾಯಾಲಯದಲ್ಲಿ ನಿಲ್ಲಬೇಕಾಗುತ್ತದೆ. ದಂಡಕ್ಕೆ ಮೇಲ್ಮಿತಿಯೇ ಇಲ್ಲ.

ಮರ ಕಡಿಯುವ ಉದ್ದೇಶವಿಲ್ಲದಿದ್ದರೂ ಬೇರಿನ ಗೊಡವೆ ತಪ್ಪುವುದಿಲ್ಲ. ಬ್ರಿಟಿಷ್ ಮಾನಕದ ಪ್ರಕಾರ ಕಾಂಡದ ಅಡ್ಡಗಲದ 12 ಪಟ್ಟು ತ್ರಿಜ್ಯದ ವೃತ್ತ ಬೇರಿನ ರಕ್ಷಣಾ ವಲಯ. ಕಾಂಡ ಅರ್ಧ ಮೀಟರ್ ದಪ್ಪವಿದ್ದರೆ ಸುತ್ತಲೂ 6 ಮೀಟರ್. ಮರ ಪಕ್ಕದ ಮನೆಯದ್ದಾದರೂ ವೃತ್ತ ನಿಮ್ಮ ಹಿತ್ತಲೊಳಗೆ ಬರುತ್ತದೆ. ಆ ವೃತ್ತಗಳನ್ನು ನಕ್ಷೆಯಲ್ಲಿ ಬಿಡಿಸಿಕೊಂಡ ಮೇಲೆ ಉಳಿಯುವುದೇ ಕೊಳದ ನಿಜವಾದ ಜಾಗ. ಎಷ್ಟೋ ಹಿತ್ತಲುಗಳಲ್ಲಿ ಆಸೆ ಇಲ್ಲಿಗೇ ಮುಗಿಯುತ್ತದೆ. ವಾಸ್ತುಶಿಲ್ಪಿಗೆ ಹಣ ಸುರಿಯುವ ಮೊದಲೇ ಮುಗಿದರೆ ಅದೂ ಲಾಭವೇ.

ಗೋಡೆ, ಮಣ್ಣು, ಚರಂಡಿ

8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳಕ್ಕೆ 48 ಘನ ಮೀಟರ್ ಮಣ್ಣು ಹೊರಬರುತ್ತದೆ. ಅಗೆದ ಮಣ್ಣು ಉಬ್ಬಿಕೊಳ್ಳುವುದರಿಂದ ಸಾಗಿಸುವಾಗ ಅದು 60ರ ಹತ್ತಿರ ಹೋಗುತ್ತದೆ. ಅಲ್ಲಿ ಬಾಡಿಗೆಗೆ ಸಿಗುವ 6 ಘನ ಮೀಟರಿನ ಸ್ಕಿಪ್ ತೊಟ್ಟಿಗಳಲ್ಲಿ ತುಂಬಿದರೆ ಹತ್ತು ಬೇಕು; ಅವನ್ನು ರಸ್ತೆಯಲ್ಲಿ ಇಡಲೂ ಕೌನ್ಸಿಲ್‌ನ ಪರವಾನಗಿ ಬೇಕು. ಮಣ್ಣನ್ನು ಹಿತ್ತಲಲ್ಲೇ ಹರಡಿ ಮಟ್ಟ ಏರಿಸೋಣವೆಂದರೆ ಆ ಏರಿಕೆಗೇ ಅನುಮತಿ ಬೇಕಾಗಬಹುದು.

ಯಂತ್ರ ಒಳಗೆ ಬರಲು ಹಳೆಯ ಕಾಂಪೌಂಡು ಗೋಡೆಯಲ್ಲಿ ಕಂಡಿ ಮಾಡಿ, ಆಮೇಲೆ ಕಟ್ಟಿಸಿದರಾಯಿತು ಎಂದು ಗುತ್ತಿಗೆದಾರ ಹೇಳಿದರೆ ಒಪ್ಪಬೇಡಿ. ಕನ್ಸರ್ವೇಶನ್ ಏರಿಯಾದಲ್ಲಿ ರಸ್ತೆಯಂಚಿನ 1 ಮೀಟರ್ ಅಥವಾ ಹೆಚ್ಚು ಎತ್ತರದ, ಉಳಿದೆಡೆ 2 ಮೀಟರ್ ಅಥವಾ ಹೆಚ್ಚು ಎತ್ತರದ ಗೋಡೆ ಕೆಡವಲು ಪ್ಲ್ಯಾನಿಂಗ್ ಪರ್ಮಿಷನ್ ಬೇಕು. ಇಲ್ಲದೆ ಕೆಡವುವುದು ಅಪರಾಧ.

ನೆಲದಡಿಯನ್ನೂ ವಿಚಾರಿಸಿ. ಹಳೆಯ ಸಾಲುಮನೆಗಳ ಹಂಚಿಕೆಯ ಚರಂಡಿ ಕೊಳವೆ ಹಿತ್ತಲುಗಳ ಅಡಿಯಲ್ಲೇ ಹಾದುಹೋಗುವುದುಂಟು. ಅಂಥವುಗಳಲ್ಲಿ ಬಹುಪಾಲು 2011ರ ಅಕ್ಟೋಬರ್‌ನಲ್ಲಿ ನೀರಿನ ಕಂಪನಿಗಳ ವಶಕ್ಕೆ ಹೋದವು, ಹಾಗಾಗಿ ಅವುಗಳ ಹತ್ತಿರ ಅಗೆಯಲು ಕಂಪನಿಯನ್ನು ಕೇಳಬೇಕು. ನೆರೆಮನೆಯ ಕಟ್ಟಡದಿಂದ 3 ಮೀಟರ್ ಒಳಗೆ ಅದರ ತಳಪಾಯಕ್ಕಿಂತ ಆಳಕ್ಕೆ ಇಳಿಯುವುದಾದರೆ ನೆರೆಹೊರೆಯವರ ಕಟ್ಟಡಗಳನ್ನು ಕಾಯುವ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಅವರಿಗೆ ಒಂದು ತಿಂಗಳ ಮುಂಚೆ ಲಿಖಿತ ನೋಟಿಸ್ ಕೊಡಬೇಕು. ಪ್ಲ್ಯಾನಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ. ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡುವಂತಿಲ್ಲ.

ಅರ್ಜಿ ಹಾಕುವುದು

ಅನುಮತಿ ಬೇಕೇ ಬೇಕು ಎಂದಾದರೆ ‘ಹೌಸ್‌ಹೋಲ್ಡರ್’ (ಮನೆಯವರ) ಅರ್ಜಿಯನ್ನು ಪ್ಲ್ಯಾನಿಂಗ್ ಪೋರ್ಟಲ್ ಎಂಬ ವೆಬ್‌ಸೈಟಿನ ಮೂಲಕ ಹಾಕಬಹುದು. ಅದಕ್ಕೂ ಮೊದಲು ಶುಲ್ಕ ಕೊಟ್ಟು ಅಧಿಕಾರಿಯ ಪೂರ್ವಭಾವಿ ಸಲಹೆ ಪಡೆಯುವುದು ಒಳ್ಳೆಯದು. ಮೊದಲೆಲ್ಲ, ಹಿಂಪಡೆದ ಅಥವಾ ತಿರಸ್ಕೃತವಾದ ಅರ್ಜಿಯನ್ನು ತಿದ್ದಿ ಒಂದು ಸಲ ಉಚಿತವಾಗಿ ಮತ್ತೆ ಹಾಕಬಹುದಿತ್ತು. 2023ರ ಡಿಸೆಂಬರ್‌ನಲ್ಲಿ ಆ ಸೌಲಭ್ಯ ಹೋಯಿತು.

ನಮೂನೆಯ ಜೊತೆ 1:1250 ಅಳತೆಯ ಸ್ಥಳ ನಕ್ಷೆ ಬೇಕು, ಅದರಲ್ಲಿ ನಿಮ್ಮ ಜಾಗದ ಗಡಿಗೆ ಕೆಂಪು ಗೆರೆ. 1:500 ಅಥವಾ 1:200ರ ನಿವೇಶನ ನಕ್ಷೆ, ಕೊಳದ ಸೀಳುನೋಟ, ಮಾಲೀಕತ್ವದ ಪ್ರಮಾಣಪತ್ರ, ಮರಗಳಿದ್ದರೆ ತಜ್ಞರ ವರದಿ ಕೂಡ ಸೇರುತ್ತವೆ. ಪಂಪಿನ ಕೋಣೆ, ದೀಪಗಳು, ಸುತ್ತಲಿನ ಕಲ್ಲುಹಾಸು ಇವನ್ನೂ ತೋರಿಸಿ. ನೆರೆಯವರ ಆಕ್ಷೇಪ ಬಹುತೇಕ ಪಂಪಿನ ಗದ್ದಲದ ಮೇಲೆಯೇ ಬರುವುದರಿಂದ ಅದನ್ನು ಬೇಲಿಯಿಂದ ದೂರ ಇಡಿ.

ತಲೆ ಓಡಿಸಬೇಕಾದದ್ದು ಕೊಳದಿಂದ ಪ್ರದೇಶದ ಚಹರೆಗೆ ಏನಾಗುತ್ತದೆ ಎಂದು ವಿವರಿಸುವ ಹೆರಿಟೇಜ್ ಸ್ಟೇಟ್‌ಮೆಂಟ್ ಎಂಬ ಟಿಪ್ಪಣಿಗೆ. ಲಿಸ್ಟೆಡ್ ಕಟ್ಟಡ, ಕನ್ಸರ್ವೇಶನ್ ಏರಿಯಾಗಳ 1990ರ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ಪ್ರದೇಶದ ಚಹರೆಯನ್ನು ಉಳಿಸುವ ಅಥವಾ ಹೆಚ್ಚಿಸುವ ಕಡೆಗೆ ಕೌನ್ಸಿಲ್ ವಿಶೇಷ ಗಮನ ಕೊಡಲೇಬೇಕು. ಚಹರೆಗೆ ಧಕ್ಕೆಯಿದೆ ಎಂದು ಅಧಿಕಾರಿ ಬರೆದರೆ, ಆ ಧಕ್ಕೆಯನ್ನು ಸಾರ್ವಜನಿಕ ಪ್ರಯೋಜನದ ಎದುರು ತೂಗಿ ನೋಡುವುದು ರಾಷ್ಟ್ರೀಯ ನೀತಿ. ನಿಮ್ಮ ಮನೆಯ ಮಕ್ಕಳು ಈಜುವುದು ಸಾರ್ವಜನಿಕ ಪ್ರಯೋಜನವಲ್ಲ! ಹಾಗಾಗಿ ತಕ್ಕಡಿಯ ಆ ಬದಿಗೆ ಇಡಲು ನಿಮ್ಮಲ್ಲಿ ಏನೂ ಇರುವುದಿಲ್ಲ. ಧಕ್ಕೆಯೇ ಇಲ್ಲವೆಂದು ತೋರಿಸುವುದೊಂದೇ ದಾರಿ. ನಿಮ್ಮ ಪ್ರದೇಶದ ಬಗ್ಗೆ ಕೌನ್ಸಿಲ್ ಪ್ರಕಟಿಸಿದ ಸಮೀಕ್ಷಾ ವರದಿ ಇದ್ದರೆ ತೆರೆದು, ಅದರಲ್ಲಿ ಯಾವುದನ್ನು ಹೊಗಳಿದ್ದಾರೆ ನೋಡಿ. ‘ಹಸಿರು ಹಿತ್ತಲುಗಳು’ ಎಂದಿದ್ದರೆ ಎಷ್ಟು ಹುಲ್ಲುಹಾಸು ಉಳಿಯುತ್ತದೆ ಎಂಬ ಲೆಕ್ಕ ಕೊಡಿ. ರಸ್ತೆಯ ಬೇರೆ ಬೇರೆ ಕಡೆಗಳಿಂದ ಹಿತ್ತಲಿನತ್ತ ಫೋಟೊ ತೆಗೆದು, ಕೊಳ ಎಲ್ಲಿಂದಲೂ ಕಾಣುವುದಿಲ್ಲ ಎಂದು ತೋರಿಸಿ. ಎರಡು ಪುಟ ಸಾಕು.

ಎಂಟು ವಾರ, ಆಮೇಲೆ

ಅರ್ಜಿ ಸಮರ್ಪಕ ಎಂದು ದಾಖಲಾದ ದಿನದಿಂದ 8 ವಾರಗಳಲ್ಲಿ ತೀರ್ಮಾನ ಬರಬೇಕು. ಅದರಲ್ಲಿ 21 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಮೀಸಲು. ಮನೆಯ ಬಳಿ ನೋಟಿಸ್ ಅಂಟಿಸುತ್ತಾರೆ. ಗದ್ದಲ, ಖಾಸಗಿತನ, ಬೀದಿಯ ಚಹರೆ ಇವು ಲೆಕ್ಕಕ್ಕೆ ಬರುವ ಆಕ್ಷೇಪಗಳು. ‘ನಮ್ಮ ಮನೆಯ ಬೆಲೆ ಬೀಳುತ್ತದೆ’ ಎಂಬುದು ಅಲ್ಲ. ನೋಟಿಸ್ ನೋಡಿ ಗೊತ್ತಾಗುವ ಮೊದಲು ನೀವೇ ನಕ್ಷೆ ಹಿಡಿದು ಪಕ್ಕದ ಮನೆಗೆ ಹೋಗಿ ಒಂದು ಮಾತು ಹೇಳಿಬನ್ನಿ. ಅಧಿಕಾರಿಗೆ ಅನುಮಾನವಿದ್ದರೆ ನಡುವೆಯೇ ನಕ್ಷೆ ತಿದ್ದಿ ಕೊಡಲು ಅವಕಾಶ ಕೇಳಿ, ಅದಕ್ಕಾಗಿ ಗಡುವು ವಿಸ್ತರಿಸಲೂ ಒಪ್ಪಿಕೊಳ್ಳಿ.

ಅನುಮತಿ ಸಿಕ್ಕರೆ ಸಾಮಾನ್ಯವಾಗಿ 3 ವರ್ಷಗಳೊಳಗೆ ಕೆಲಸ ಆರಂಭಿಸಬೇಕು. ಷರತ್ತುಗಳಲ್ಲಿ ‘ಕೆಲಸ ಆರಂಭಿಸುವ ಮೊದಲು’ ಎಂದಿರುವುದನ್ನು ಗುರುತು ಹಾಕಿಕೊಳ್ಳಿ. ಮರದ ಸುತ್ತ ರಕ್ಷಣಾ ಬೇಲಿ ಹಾಕಿ ಎಂದಿದ್ದರೆ ಯಂತ್ರ ಗೇಟಿಗೆ ಬರುವ ಮೊದಲೇ ಬೇಲಿ ನಿಂತಿರಬೇಕು. ತಿರಸ್ಕಾರವಾದರೆ 12 ವಾರಗಳೊಳಗೆ ಪ್ಲ್ಯಾನಿಂಗ್ ಇನ್‌ಸ್ಪೆಕ್ಟೊರೇಟ್ ಎಂಬ ಸರ್ಕಾರಿ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ತಿರಸ್ಕಾರಕ್ಕೆ ಕಾರಣ ಪಂಪಿನ ಕೋಣೆಯೋ ಕಲ್ಲುಹಾಸೋ ಆಗಿದ್ದರೆ ಮೇಲ್ಮನವಿಗೆ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಅದನ್ನು ತಿದ್ದಿ ಹೊಸ ಅರ್ಜಿ ಹಾಕುವುದೇ ಬೇಗ ಮುಗಿಯುವ ಕೆಲಸ.