ಚಳಿಗಾಲದ ಬೆಳಗ್ಗೆ ಉಬ್ಬಸ ಬರದಂತೆ ಓಡುವುದು ಹೇಗೆ?

ಆಸ್ತಮಾ ಇರುವ ಹಲವರಿಗೆ ಓಡುವಾಗ ಏನೂ ಆಗುವುದಿಲ್ಲ. ಓಟ ನಿಲ್ಲಿಸಿ ಐದು-ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕೆಮ್ಮು ಶುರುವಾಗುತ್ತದೆ, ಎದೆ ಬಿಗಿಯುತ್ತದೆ, ಉಸಿರಿನಲ್ಲಿ ಸುಯ್ ಅನ್ನುವ ಸದ್ದು ಬರುತ್ತದೆ.

ಸುಮ್ನೆ ಕೂತಾಗ ನಮಗೆ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಸಾಕು. ಜೋರಾಗಿ ಓಡಿದರೆ ಅದು 60 ಲೀಟರ್ ದಾಟುತ್ತದೆ. ಅಷ್ಟೂ ಗಾಳಿ ಒಳಗೆ ಹೋಗುತ್ತಾ 37 ಡಿಗ್ರಿಗೆ ಬೆಚ್ಚಗಾಗಬೇಕು, ಲೀಟರಿಗೆ ಸುಮಾರು 44 ಮಿಲಿಗ್ರಾಂ ನೀರು ಹೊತ್ತಿರಬೇಕು. ನಿಧಾನ ಉಸಿರಿದ್ದಾಗ ಈ ಕೆಲಸವನ್ನು ಮೂಗು ಮಾಡಿಬಿಡುತ್ತದೆ. ಏದುಸಿರು ಬಂದಾಗ ಬಾಯಿ ತೆರೆಯುತ್ತೇವೆ. ಆಗ ಬೇಕಾದ ನೀರು ಶ್ವಾಸನಾಳದ ಒಳಗೋಡೆಯಿಂದಲೇ ಹೋಗುತ್ತದೆ. ಅಲ್ಲಿನ ತೇವ ಒಣಗಿ ಉಪ್ಪಿನಂಶ ಹೆಚ್ಚಾಗುತ್ತದೆ, ಜೀವಕೋಶಗಳು ಹಿಸ್ಟಮಿನ್‌ನಂಥ ರಾಸಾಯನಿಕ ಬಿಡುತ್ತವೆ, ನಾಳ ಬಿಗಿಯುತ್ತದೆ.

ಮೊದಲು ಗಾಳಿ ನೋಡಿ. ಮೊಬೈಲಿನಲ್ಲಿ ತೇವಾಂಶ ಶೇ 90 ಅಂತ ಕಂಡರೆ ಮೋಸ ಹೋಗಬೇಡಿ. ತಣ್ಣನೆ ಗಾಳಿ ಹಿಡಿದಿಟ್ಟುಕೊಳ್ಳುವ ನೀರೇ ಕಡಿಮೆ. ಬೆಂಗಳೂರಿನ ಡಿಸೆಂಬರ್ ಮುಂಜಾನೆ 15 ಡಿಗ್ರಿ, ಶೇ 90 ತೇವಾಂಶ ಇದ್ದರೂ ಒಂದು ಲೀಟರ್ ಗಾಳಿಯಲ್ಲಿ ಇರುವುದು 11-12 ಮಿಲಿಗ್ರಾಂ ನೀರು ಅಷ್ಟೇ. ಮಂಗಳೂರಿನಲ್ಲಿ 25 ಡಿಗ್ರಿ, ಶೇ 85 ಇದ್ದರೆ ಸುಮಾರು 20. ಹಾಗಂತ ಎಸಿ ಜಿಮ್‌ಗೆ ಓಡಬೇಡಿ! 22 ಡಿಗ್ರಿ, ಶೇ 45 ತೇವಾಂಶದ ಕೋಣೆಯಲ್ಲಿ 9 ಮಿಲಿಗ್ರಾಂ ಕೂಡ ಇರುವುದಿಲ್ಲ. ಚಳಿ ಇಲ್ಲ ನಿಜ, ಗಾಳಿ ಮಾತ್ರ ಹೊರಗಿನದಕ್ಕಿಂತ ಒಣ.

ಆದ್ದರಿಂದ ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ ಹೊರಡಿ. ಮಂಜಿನ ಜೊತೆ ಹೊಗೆಯೂ ಕೆಳಗೇ ನಿಂತಿರುತ್ತದಲ್ವಾ, ಅದರಿಂದಲೂ ತಪ್ಪಿಸಿಕೊಂಡಂತಾಯಿತು.

ಆಮೇಲೆ 10-15 ನಿಮಿಷ ನಡಿಗೆ, ನಡುನಡುವೆ ಚಿಕ್ಕ ಓಟ. ಹೀಗೆ ಮೈ ಬೆಚ್ಚಗಾದರೆ ಅನೇಕರಿಗೆ ಮುಂದೆ ಒಂದೆರಡು ಗಂಟೆ ನಾಳ ಅಷ್ಟಾಗಿ ಬಿಗಿಯುವುದಿಲ್ಲ. ಮೂಗು-ಬಾಯಿಗೆ ಮಫ್ಲರ್ ಸುತ್ತಿ. ಹೊರಬಿಟ್ಟ ಉಸಿರಿನ ಬಿಸಿ, ತೇವ ಬಟ್ಟೆಯಲ್ಲೇ ನಿಂತು ಮುಂದಿನ ಉಸಿರಿಗೆ ಸಿಗುತ್ತದೆ. ಆದಷ್ಟೂ ಮೂಗಿನಿಂದಲೇ ಉಸಿರಾಡಿ.

ವೈದ್ಯರು ಸಾಲ್ಬುಟಮಾಲ್ (ಬಿಗಿದ ನಾಳವನ್ನು ಸಡಿಲಿಸುವ ಇನ್ಹೇಲರ್ ಔಷಧಿ) ಬರೆದುಕೊಟ್ಟಿದ್ದರೆ ಓಟಕ್ಕೆ 15 ನಿಮಿಷ ಮೊದಲು ಅವರು ಹೇಳಿದಷ್ಟು ತೆಗೆದುಕೊಳ್ಳಿ. ದಿನಾ ಅದು ಬೇಕೇ ಬೇಕು ಅನ್ನುವಂತಾದರೆ ಆಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ, ಮತ್ತೆ ತೋರಿಸಿ. ಇನ್ಹೇಲರ್ ಜೇಬಿನಲ್ಲೇ ಇರಲಿ, ಮನೆಯ ಕಪಾಟಿನಲ್ಲಿ ಬೇಡ. ಪಫ್ ತೆಗೆದುಕೊಂಡರೂ ಮಾತಾಡಲಾಗದಷ್ಟು ಉಸಿರು ಕಟ್ಟಿದರೆ ಕಾಯುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.