ಎಳೆ ಕುದುರೆ ದೂರದ ಲಾಯದಲ್ಲಿದ್ದರೆ ನೋಡಿಕೊಳ್ಳುವುದು ಹೇಗೆ?

ನನ್ನ ಕುದುರೆ ತುಂಗಿ ಬೆಂಗಳೂರಿನ ಹೊರವಲಯದ ಒಂದು ಲಾಯದಲ್ಲಿದೆ. ನಾನಿರುವುದು ಧಾರವಾಡದಲ್ಲಿ. ನಡುವೆ 400 ಕಿಲೋಮೀಟರಿಗೂ ಜಾಸ್ತಿ ದಾರಿ. ಮಾರ್ವಾಡಿ ತಳಿಯ ಹೆಣ್ಣು, ಈಗ ಮೂರು ವರ್ಷ. ಹೆಸರು ಕರೆದರೆ ಸಾಕು, ಒಳಕ್ಕೆ ಬಾಗಿದ ಎರಡೂ ಕಿವಿ ತುದಿಗೆ ತುದಿ ತಾಗುವಂತೆ ನಿಮಿರುತ್ತವೆ. ನಮ್ಮೂರ ಕಡೆ ಎಳೆ ಕುದುರೆ ಪಳಗಿಸುವವರು ಸಿಗಲಿಲ್ಲ, ಹಾಗಾಗಿ ಅಲ್ಲಿ ಬಿಟ್ಟೆ. ಹೀಗೆ ತಿಂಗಳಿಗಿಷ್ಟು ಅಂತ ಹಣ ಕೊಟ್ಟು ಕುದುರೆ ಬಿಡುವುದಕ್ಕೆ ರೈಡಿಂಗ್ ಸ್ಕೂಲ್‌ಗಳಲ್ಲಿ ‘ಲಿವರಿ’ ಅನ್ನುತ್ತಾರೆ.

ಹಿತ್ತಲಲ್ಲಿ ಕಟ್ಟಿದ ಪ್ರಾಣಿಯನ್ನು ದಿನಕ್ಕೆ ಹತ್ತು ಸಲ ನೋಡುತ್ತೇವೆ. ದೂರದಲ್ಲಿರುವುದನ್ನು ಸೈಸ್, ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಆಳಿನ ಕಣ್ಣಲ್ಲೇ ನೋಡಬೇಕು. ಅದಕ್ಕೆ ತಯಾರಿ ಬೇಕು.

ಲಾಯ ಆರಿಸುವಾಗ

ಸಂಜೆ ಮೇವು ಹಾಕುವ ಹೊತ್ತಿಗೆ ಹೋಗಿ. ನೀರಿನ ಬಕೆಟ್ಟಿಗೆ ಕೈ ಹಾಕಿ, ತಳ ಮುಟ್ಟಿ. ಲೋಳೆ ಲೋಳೆ ಇದ್ದರೆ ದಿನವೂ ತೊಳೆಯುತ್ತಿಲ್ಲ ಅಂತಲೇ ಅರ್ಥ. ಒಬ್ಬ ಸೈಸ್ ಎಷ್ಟು ಕುದುರೆ ನೋಡಿಕೊಳ್ಳುತ್ತಾನೆ, ರಾತ್ರಿ ಅಲ್ಲೇ ಮಲಗುವವರು ಯಾರು ಅಂತ ಕೇಳಿ. ಎಳೆ ಕುದುರೆಗೆ ಇದೆಲ್ಲಕ್ಕಿಂತ ಮುಖ್ಯವಾದದ್ದು ಬಯಲು ಮತ್ತು ಜೊತೆ. ದಿನಕ್ಕೆ ಕೆಲವು ಗಂಟೆಯಾದರೂ ಬೇರೆ ಕುದುರೆಗಳ ಜೊತೆ ಬಯಲಲ್ಲಿ ಬಿಡದ ಲಾಯ ಎಷ್ಟೇ ಚೆಂದ ಇದ್ದರೂ ಬೇಡ.

ಸಾಗಿಸುವಾಗ

ಹೊರಡುವ ಮುನ್ನ ಗ್ಲಾಂಡರ್ಸ್ ಪರೀಕ್ಷೆ ಮಾಡಿಸಿ. ಇದು ಮನುಷ್ಯರಿಗೂ ಹರಡುವ ಕಾಯಿಲೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ರಕ್ತದ ಮಾದರಿ ಕಳಿಸುವ ದಾರಿಯನ್ನು ನಿಮ್ಮ ಪಶುವೈದ್ಯರೇ ಹೇಳುತ್ತಾರೆ. ಧನುರ್ವಾಯು ಲಸಿಕೆ ಆಗಿದೆಯಾ ಅಂತಲೂ ನೋಡಿಕೊಳ್ಳಿ.

ದಾರಿಯಲ್ಲಿ ತಲೆ ಎತ್ತರಕ್ಕೆ ಬಿಗಿದು ಕಟ್ಟಬೇಡಿ. ತಲೆ ತಗ್ಗಿಸಲು ಆಗದಿದ್ದರೆ ದೂಳು, ಕಫ ಎದೆಗೆ ಇಳಿದು ನ್ಯುಮೋನಿಯಾ ಆಗಬಹುದು. ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ. ಹಳೇ ಮೇವು ಒಂದೆರಡು ಚೀಲ ಜೊತೆಗಿರಲಿ, ಹೊಸ ಮೇವಿಗೆ 7ರಿಂದ 10 ದಿನದಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸಲಿ. ಮೊದಲ ಎರಡು ವಾರ ಬೇರೆ ಕುದುರೆಗಳಿಂದ ದೂರ ಕಟ್ಟುವುದು ಒಳ್ಳೆಯದು.

ಮೇವಿನ ವಿಚಾರ

ಇಲ್ಲಿ ಪಟ್ಟು ಹಿಡಿಯಿರಿ. ಕುದುರೆ ಅಂದರೆ ಹುರುಳಿ, ಬೂಸಾ ಅನ್ನೋದು ನಮ್ಮಲ್ಲಿ ಹಳೇ ರೂಢಿ. ಆದರೆ ಬೆಳೆಯುವ ಕುದುರೆಗೆ ಮೊದಲು ಬೇಕಾದ್ದು ಹುಲ್ಲು. 300 ಕಿಲೋ ತೂಗುವ ಕುದುರೆಗೆ ದಿನಕ್ಕೆ 5-6 ಕಿಲೋ ಒಣಹುಲ್ಲು ಬೇಕು, ಅದನ್ನೂ ದಿನವಿಡೀ ಹಂಚಿ ಹಾಕಬೇಕು. ಕುದುರೆಯ ಜಠರ ಚಿಕ್ಕದು, ಜೊತೆಗೆ ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ.

ಬೂಸಾದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಅನ್ನುವ ಅಂಶ, ಮೇವಿನಲ್ಲಿರುವಷ್ಟು ಕ್ಯಾಲ್ಸಿಯಂ ಅನ್ನೂ ಮೈಗೆ ಸೇರದಂತೆ ಕಟ್ಟಿಹಾಕುತ್ತದೆ. ಹಸುವಿಗೆ ಇದು ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಕುದುರೆಗೆ ಕೊಡುತ್ತದೆ. ಇವೆರಡನ್ನೇ ತಿಂಗಳುಗಟ್ಟಲೆ ಹಾಕಿದರೆ ಮೂಳೆ ಟೊಳ್ಳಾಗಿ, ಕುಂಟು ಶುರುವಾಗಿ, ಮುಖದ ಮೂಳೆ ಊದಿಕೊಳ್ಳುತ್ತದೆ. ಲಾಯದಲ್ಲಿ ಯಾವ ಹುಲ್ಲು ಹಾಕುತ್ತಾರೆ ಅಂತ ಹೆಸರು ಹಿಡಿದು ಕೇಳಿ. ಸ್ವಲ್ಪ ಲೂಸರ್ನ್ ಸೊಪ್ಪು ಸೇರಿಸಲು ಹೇಳಿ, ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ.

ಫೋನಿನಲ್ಲಿ ಏನು ಕೇಳಬೇಕು

ಸೈಸ್ ಕಳಿಸುವ ಫೋಟೋದಲ್ಲಿ ಕುದುರೆ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ‘ಹೇಗಿದೆ?’ ಅಂದರೆ ‘ಚೆನ್ನಾಗಿದೆ ಸಾರ್’ ಅನ್ನುತ್ತಾರೆ. ನಾನು ಕೇಳುವುದು ಹೀಗೆ: ‘ಅಣ್ಣಾ, ಇವತ್ತು ಲದ್ದಿ ಎಷ್ಟು ಸಲ ಹಾಕಿತು? ಬಕೆಟ್ ನೀರು ಎಷ್ಟು ಖಾಲಿ ಆಯ್ತು? ರಾತ್ರಿ ಮೇವು ಉಳಿದಿತ್ತಾ?’ ಚೆನ್ನಾಗಿರುವ ಕುದುರೆ ದಿನಕ್ಕೆ 8ರಿಂದ 12 ಸಲ ಲದ್ದಿ ಹಾಕುತ್ತದೆ. ಲದ್ದಿ ಕಡಿಮೆಯಾಯ್ತು ಅಂದರೆ ಹೊಟ್ಟೆಯ ಕಡೆ ಗಮನ ಕೊಡಿ.

ನಾಲ್ಕು ಅಳತೆ ಸೈಸ್‌ಗೆ ಕಲಿಸಿಕೊಡಿ. ಮೈ ಬಿಸಿ 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್. ನಾಡಿ ನಿಮಿಷಕ್ಕೆ 28ರಿಂದ 44, ಎಳೆಯದಕ್ಕೆ ಸ್ವಲ್ಪ ಜಾಸ್ತಿ ಇರಬಹುದು. ಪಕ್ಕೆ ಏರಿಳಿಯುವುದನ್ನು ಎಣಿಸಿದರೆ ಉಸಿರು 8ರಿಂದ 16. ತುಟಿ ಎತ್ತಿ ಒಸಡನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕುದುರೆ ಆರಾಮಾಗಿರುವಾಗ ಒಂದು ವಾರ ಬರೆಸಿಡಿ. ಆ ಲೆಕ್ಕ ಇದ್ದರೆ ಮುಂದೆ ಏರುಪೇರು ಬೇಗ ಗೊತ್ತಾಗುತ್ತದೆ.

ಒಂದು ಹಾಳೆ ಬರೆದುಕೊಡಿ

ಹೋದ ವರ್ಷ ಒಂದು ರಾತ್ರಿ ತುಂಗಿ ಹೊಟ್ಟೆನೋವಿನಿಂದ ನೆಲ ಕೆರೆಯುತ್ತಾ ಹೊರಳಾಡುತ್ತಿದ್ದಳು. ವೈದ್ಯರನ್ನು ಕರೆಯಲು ನನ್ನ ಒಪ್ಪಿಗೆ ಬೇಕು ಅಂತ ಲಾಯದವರು ಕಾದರು. ನನ್ನ ಫೋನು ಸೈಲೆಂಟಿನಲ್ಲಿತ್ತು. ಎರಡು ಗಂಟೆ ಹಾಗೇ ಹೋಯಿತು. ಬೆಳಗಿನ ಹೊತ್ತಿಗೆ ಹುಷಾರಾದಳು, ನಿಜ. ಆ ಎರಡು ಗಂಟೆ ನೆನಪಾದರೆ ಇವತ್ತಿಗೂ ಹೊಟ್ಟೆ ಕಿವುಚುತ್ತದೆ.

ಈಗ ಲಾಯದ ಗೋಡೆಗೆ ನನ್ನ ಸಹಿಯ ಹಾಳೆ ಅಂಟಿಸಿದ್ದೇನೆ. ನೋವು ಕಂಡ ಕೂಡಲೇ ವೈದ್ಯರನ್ನು ಕರೆಯಿರಿ, ನನಗೆ ಆಮೇಲೆ ಹೇಳಿ. ಇಷ್ಟು ಹಣದವರೆಗೆ ಕೇಳುವುದೇ ಬೇಡ. ಆಪರೇಷನ್ ಬೇಕೆಂದರೆ ನಾನು ಸಿಗದಿದ್ದರೆ ಯಾರು ತೀರ್ಮಾನಿಸಬೇಕು. ಇಬ್ಬರು ವೈದ್ಯರ ನಂಬರ್, ಸಾಗಿಸುವ ಗಾಡಿಯವರ ನಂಬರ್. ಇಷ್ಟನ್ನೂ ಬರೆದಿದ್ದೇನೆ.

ಸವಾರಿಗೆ ಅವಸರ ಬೇಡ

ಮೂರು ವರ್ಷದ ಕುದುರೆ ನೋಡಲು ದೊಡ್ಡದಾಗಿ ಕಂಡರೂ ಅದರ ಬೆನ್ನುಮೂಳೆ ಪೂರ್ತಿ ಗಟ್ಟಿಯಾಗುವುದು ಐದಾರು ವರ್ಷಕ್ಕೆ. ನೀವು ಎದುರಿಗೆ ಇಲ್ಲದಾಗ ಯಾರು, ಎಷ್ಟು ಹೊತ್ತು ಹತ್ತಬಹುದು ಅನ್ನುವುದನ್ನು ಮೊದಲೇ ಮಾತಾಡಿ. ಕಡಿವಾಣ ಹಾಕುವಾಗ ತಲೆ ಕೊಡವಿದರೆ ಹಟಮಾರಿ ಅಂತ ಹೊಡೆಯುವುದಲ್ಲ, ಬಾಯಿ ನೋಡಿಸಬೇಕು. ಎರಡೂವರೆಯಿಂದ ಐದು ವರ್ಷದೊಳಗೆ ಹಾಲುಹಲ್ಲು ಉದುರಿ ಹೊಸವು ಬರುತ್ತಿರುತ್ತವೆ, ಒಸಡು ನೋಯುತ್ತದೆ ಅಲ್ವಾ. ಲಾಳ ಕಟ್ಟಿಸದಿದ್ದರೂ 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು.

ನೋಡಲು ಹೋದಾಗ

ತಿಂಗಳಿಗೊಮ್ಮೆಯಾದರೂ ಹೋಗಿ. ಹೋದ ಕೂಡಲೇ ಜೀನು ಹಾಕಬೇಡಿ. ಅರ್ಧ ಗಂಟೆ ಸುಮ್ನೆ ಮೈ ಉಜ್ಜಿ. ನಾಲ್ಕೂ ಕಾಲು ಮೇಲಿಂದ ಕೆಳಗೆ ಸವರಿ, ಎಲ್ಲಾದರೂ ಬಿಸಿ, ಊತ ಇದೆಯಾ ನೋಡಿ. ಗೊರಸು ಎತ್ತಿ ಮೂಸಿ, ಕೊಳೆತ ವಾಸನೆ ಬಂದರೆ ನೆಲ ಒದ್ದೆ ಇರುತ್ತಿದೆ ಅಂತ. ಟೇಪಿನಿಂದ ಮುಂಗಾಲ ಹಿಂದೆ ಎದೆಯ ಸುತ್ತಳತೆ ತೆಗೆದು, ಹೋದ ತಿಂಗಳಿನದರ ಜೊತೆ ಹೋಲಿಸಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಿಗೆ ಸಿಗಬೇಕು. ಸೈಸ್ ಜೊತೆ ಕೂತು ಚಹಾ ಕುಡಿಯಿರಿ. ಫೋನಿನಲ್ಲಿ ಹೇಳದ ಮಾತು ಆಗ ಬರುತ್ತದೆ.

ಹೊರಡುವುದನ್ನು ನಾನು ಸಂಜೆಯ ಮೇವಿನ ಹೊತ್ತಿಗೇ ಇಟ್ಟುಕೊಳ್ಳುತ್ತೇನೆ. ಖಾಲಿ ಹೊತ್ತಲ್ಲಿ ಹೊರಟರೆ ಗೇಟಿನವರೆಗೂ ಕೆನೆಯುತ್ತಾಳೆ. ಹುಲ್ಲಿಗೆ ಬಾಯಿ ಹಾಕಿದ ಮೇಲೆ ಬಾಗಿಲ ಚಿಲಕ ಹಾಕಿ, ಇನ್ನೊಮ್ಮೆ ಎಳೆದು ನೋಡಿ, ಬಸ್ ಹಿಡಿಯಲು ನಡೆಯುತ್ತೇನೆ.